ಹೋದಷ್ಟೂ ಮರಳಿತೇ? ಸೋರಿಕೆ ಕರೆಂಟಿನ ಲೆಕ್ಕ ಮತ್ತು ಮನೆಮಂದಿಯ ಜೀವ



ಈ ಉಪನ್ಯಾಸದ ದತ್ತಿಗೆ ಎರಡು ಷರತ್ತುಗಳಿವೆ ಎಂದು ನನ್ನನ್ನು ಕರೆದವರು ಪತ್ರದಲ್ಲಿ ತಿಳಿಸಿದ್ದರು. ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಕನ್ನಡದಲ್ಲೇ ಇರಬೇಕು. ಮೂರನೆಯದನ್ನು ನಾನೇ ಸೇರಿಸಿಕೊಂಡಿದ್ದೇನೆ: ಕೇಳಿದವರು ಮನೆಗೆ ಹೋಗಿ ಮಾಡಬಹುದಾದ ಒಂದು ಕೆಲಸವೂ ಇರಬೇಕು. ಆ ಕೆಲಸ ಯಾವುದೆಂದು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಒಂದು ನಿಮಿಷ ಸಾಕು, ದುಡ್ಡು ಬೇಕಿಲ್ಲ.

ಮೊದಲು ನಮ್ಮ ಮನೆಯ ಒಂದು ಮಾತು. ಮಲೆನಾಡಿನ ಹಳ್ಳಿಯಲ್ಲಿ ನಮ್ಮ ಬಾವಿಗೆ ಮೋಟಾರು ಕೂರಿಸಿದ ಮೇಲೆ ಬಚ್ಚಲಿನ ನಲ್ಲಿ ಮುಟ್ಟಿದರೆ ಆಗೊಮ್ಮೆ ಈಗೊಮ್ಮೆ ಕೈ ಜುಂ ಎನ್ನುತ್ತಿತ್ತು. ‘ನಲ್ಲಿ ಕಚ್ಚುತ್ತೆ ಕಣೋ, ಒದ್ದೆ ಕೈಲಿ ಹಿಡೀಬೇಡ’ ಎಂದು ಅಮ್ಮ ಎಚ್ಚರಿಸುತ್ತಿದ್ದರು. ಮೋಟಾರಿನ ಸ್ವಿಚ್ ಹಾಕುವಾಗ ಊಟದ ಮಣೆಯನ್ನು ನೆಲಕ್ಕಿಟ್ಟು, ಅದರ ಮೇಲೆ ನಿಂತು ಹಾಕುತ್ತಿದ್ದರು. ಇಂಜಿನಿಯರಿಂಗ್ ಓದದ ಅವರು ಕಂಡುಕೊಂಡ ಉಪಾಯ ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು: ಒಣ ಮರದ ಹಲಗೆ ಮೈಗೂ ಮಣ್ಣಿಗೂ ನಡುವಿನ ಸಂಬಂಧ ಕಡಿಯುತ್ತದೆ. ವೈರ್‌ಮನ್ ಬಂದು ಟೆಸ್ಟರ್ ಇಟ್ಟು ನೋಡಿ, ‘ಚೂರು ಲೀಕೇಜ್ ಐತಮ್ಮ, ಏನಾಗಲ್ಲ’ ಎಂದು ಹೋದ. ನಮ್ಮ ಪುಣ್ಯ, ಏನೂ ಆಗಲಿಲ್ಲ.

‘ಚೂರು ಲೀಕೇಜ್, ಏನಾಗಲ್ಲ’ ಎಂಬ ಮಾತನ್ನು ಆಮೇಲೆ ನಲವತ್ತು ವರ್ಷ ಬೇರೆಬೇರೆ ಮನೆಗಳಲ್ಲಿ, ಬೇರೆಬೇರೆ ಬಾಯಲ್ಲಿ ಕೇಳಿದ್ದೇನೆ. ಗ್ರೈಂಡರಿನ ಬಗ್ಗೆ, ಗೀಸರಿನ ಬಗ್ಗೆ, ಫ್ರಿಜ್ಜಿನ ಬಾಗಿಲ ಬಗ್ಗೆ. ಈ ಮಾತಿನಲ್ಲಿರುವ ‘ಚೂರು’ ಎಷ್ಟು, ಆ ಚೂರನ್ನು ಹಿಡಿಯುವ ಡಬ್ಬಿ ಯಾವುದು, ಅದನ್ನು ನಾವು ಯಾಕೆ ನಂಬುತ್ತಿಲ್ಲ, ಇಷ್ಟೇ ಇವತ್ತಿನ ವಿಷಯ. ಡಬ್ಬಿಯ ಹೆಸರು ಆರ್‌ಸಿಸಿಬಿ. ಪಠ್ಯಪುಸ್ತಕದ ಕನ್ನಡದಲ್ಲಿ ಉಳಿಕೆ ಪ್ರವಾಹ ಸಾಧನ ಎನ್ನಬಹುದು. ನಮ್ಮ ವೈರ್‌ಮನ್‌ಗಳು ಹಳೆಯ ಅಭ್ಯಾಸದಲ್ಲಿ ಅದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಹೆಸರು ಯಾವುದಾದರೂ ಇರಲಿ, ಬೋರ್ಡಿನಲ್ಲಿ ಗುರುತಿಸುವುದು ಸುಲಭ: ಉಳಿದ ಸ್ವಿಚ್ಚುಗಳಿಗಿಲ್ಲದ ಒಂದು ಪುಟ್ಟ ಗುಂಡಿ ಇದರ ಮುಖದ ಮೇಲಿರುತ್ತದೆ.

1. ಚೂರು ಎಂದರೆ ಎಷ್ಟು?

ಕರೆಂಟನ್ನು ಆಂಪಿಯರಿನಲ್ಲಿ ಅಳೆಯುತ್ತೇವೆ. ಸಾವಿರದ ಒಂದು ಪಾಲು ಮಿಲಿಆಂಪಿಯರ್. ಎರಡು ಕಿಲೋವಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಎಂದರೆ 9,000 ಮಿಲಿಆಂಪಿಯರ್. ಈಗಿನ 9 ವಾಟಿನ ಎಲ್‌ಇಡಿ ಬಲ್ಬಿಗೆ ಸುಮಾರು 40 ಮಿಲಿಆಂಪಿಯರ್ ಸಾಕು. ಈ 40 ಅನ್ನು ನೆನಪಿಡಿ.

ಮನುಷ್ಯನ ಮೈ ಎಷ್ಟು ತಡೆದೀತು ಎಂಬುದನ್ನು ಕ್ರಮವಾಗಿ ಅಳೆದವರಲ್ಲಿ ಮುಖ್ಯರು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್. ತಾವಾಗಿ ಒಪ್ಪಿ ಬಂದವರ ಕೈಗೆ ತಂತಿ ಹಿಡಿಸಿ, ಕರೆಂಟನ್ನು ನಿಧಾನವಾಗಿ ಏರಿಸುತ್ತಾ, ಹಿಡಿದ ತಂತಿಯನ್ನು ತಾವೇ ಬಿಡಲು ಎಲ್ಲಿಯವರೆಗೆ ಆಗುತ್ತದೆ ಎಂದು ಅವರು ನೋಡಿದರು. 134 ಗಂಡಸರು, 28 ಹೆಂಗಸರು ಆ ಪರೀಕ್ಷೆಗೆ ಕೈ ಒಡ್ಡಿದ್ದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರಿಗೆ, ಹೆಂಗಸರಲ್ಲಿ ಸರಾಸರಿ 10.5ಕ್ಕೆ ಕೈ ಮಾತು ಕೇಳುವುದನ್ನು ಬಿಟ್ಟಿತು. ‘ಕರೆಂಟು ಎಳೆದುಕೊಂಡುಬಿಟ್ಟಿತು’ ಎಂದು ನಮ್ಮಲ್ಲಿ ಹೇಳುತ್ತೇವಲ್ಲ, ಅದು ಇದೇ. ಕರೆಂಟು ಯಾರನ್ನೂ ಎಳೆಯುವುದಿಲ್ಲ. ಮುಂಗೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬೆರಳು ಮಡಿಸುವ ಸ್ನಾಯುಗಳು ಬಿಡಿಸುವವಕ್ಕಿಂತ ಬಲವಾದವು, ಮುಷ್ಟಿ ತಾನಾಗಿ ಕಟ್ಟಿಕೊಳ್ಳುತ್ತದೆ. ಹಿಡಿದವನು ಬಿಡಬೇಕೆಂದುಕೊಂಡರೂ ಬಿಡಲಾರ.

ಅದಕ್ಕೂ ಮೇಲೆ ಹೋದರೆ ಉಸಿರಾಟದ ಸ್ನಾಯುಗಳು ಹಿಡಿದುಕೊಳ್ಳುತ್ತವೆ. ಇನ್ನೂ ಮೇಲೆ, ಕೆಲವು ಹತ್ತು ಮಿಲಿಆಂಪಿಯರ್ ಎದೆಯ ಮೂಲಕ ಒಂದು ಹೃದಯಬಡಿತಕ್ಕಿಂತ ಹೆಚ್ಚು ಹೊತ್ತು ಹರಿದರೆ, ಹೃದಯದ ಕೆಳಕೋಣೆಗಳು ತಾಳ ತಪ್ಪಿ ಸುಮ್ಮನೆ ನಡುಗತೊಡಗಬಹುದು. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎನ್ನುತ್ತಾರೆ. ಹೃದಯ ನಡುಗುತ್ತಿರುತ್ತದೆ, ರಕ್ತ ಮಾತ್ರ ಮುಂದೆ ಹೋಗುವುದಿಲ್ಲ. ಕರೆಂಟು ನಿಂತರೂ ಆ ನಡುಕ ತಾನಾಗಿ ನಿಲ್ಲುವುದು ಅಪರೂಪ.

ಈಗ ಗುಣಾಕಾರ ಭಾಗಾಕಾರ ಮಾಡೋಣ. ನಮ್ಮ ಮನೆಯ ವೋಲ್ಟೇಜು 230. ಒದ್ದೆ ಕೈ, ಬರಿಗಾಲು, ಬಚ್ಚಲಿನ ನೆಲ ಎಂದರೆ ಕೈಯಿಂದ ಕಾಲಿನವರೆಗೆ ಮೈಯ ತಡೆ ಸುಮಾರು 1,000 ಓಮ್‌ಗೆ ಇಳಿಯಬಹುದು. 230ನ್ನು 1,000ದಿಂದ ಭಾಗಿಸಿದರೆ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್. ಒಂದು ಎಲ್‌ಇಡಿ ಬಲ್ಬು ಉರಿಯಲು ಬೇಕಾದ 40 ಮಿಲಿಆಂಪಿಯರೇ ಹೃದಯಕ್ಕೆ ಅಪಾಯದ ಗಡಿಯಲ್ಲಿದೆ, ಇದು ಅದರ ಐದಾರು ಪಟ್ಟು. ನಮ್ಮ ವೈರ್‌ಮನ್ ಹೇಳಿದ ‘ಚೂರು’ ಇಷ್ಟು.

2. ಫ್ಯೂಸಿಗೆ ಇದು ಕಾಣುವುದಿಲ್ಲ

‘ನಮ್ಮನೇಲಿ ಒಳ್ಳೆ ಎಂಸಿಬಿ ಹಾಕ್ಸಿದೀವಿ ಸಾರ್, ಏನಾದ್ರೂ ಆದ್ರೆ ಬಿದ್ದುಹೋಗುತ್ತೆ’ ಎನ್ನುವವರು ಬಹಳ ಮಂದಿ. ಎಂಸಿಬಿ ಬೀಳುವುದು ನಿಜ. ಯಾವಾಗ ಬೀಳುತ್ತದೆ ಎಂದು ಕೇಳಬೇಕು.

ಹಳೆಯ ಕಟೌಟಿನ ಫ್ಯೂಸ್ ತಂತಿ ಇರಲಿ, ಈಗಿನ ಎಂಸಿಬಿ ಇರಲಿ, ಅದು ನೋಡುವುದು ಒಂದನ್ನೇ: ನನ್ನ ಮೂಲಕ ಹರಿಯುವ ಒಟ್ಟು ಕರೆಂಟು ಮಿತಿ ಮೀರಿತೇ? ಗೀಸರಿನ ಎಂಸಿಬಿ 16 ಆಂಪಿಯರಿನದು ಎಂದುಕೊಳ್ಳಿ. ಗೀಸರ್ 9 ಎಳೆಯುತ್ತಿದೆ. ಅದರ ಕಾಯಿಲ್ ಕೆಟ್ಟು, ನೀರಿನ ಮೂಲಕ ನಲ್ಲಿಗೆ ಕರೆಂಟು ಬಂದು, ಸ್ನಾನಕ್ಕೆ ಹೋದವರ ಮೈಯಿಂದ 0.23 ಆಂಪಿಯರ್ ನೆಲಕ್ಕೆ ಹೋಗುತ್ತಿದೆ. ಒಟ್ಟು 9.23. ಹದಿನಾರರ ಎಂಸಿಬಿಯ ಲೆಕ್ಕದಲ್ಲಿ ಇನ್ನೂ ಆರೇಳು ಆಂಪಿಯರಿಗೆ ಜಾಗವಿದೆ. ಒಳಗೆ ಜೀವ ಹೋಗುತ್ತಿದ್ದರೂ ಹೊರಗೆ ಬೋರ್ಡು ತಣ್ಣಗಿರುತ್ತದೆ.

ಇದರಲ್ಲಿ ಎಂಸಿಬಿಯ ತಪ್ಪೇನೂ ಇಲ್ಲ. ಗೋಡೆಯೊಳಗಿನ ತಂತಿ ಬಿಸಿಯಾಗಿ ಸುಟ್ಟುಹೋಗದಂತೆ ಕಾಯುವುದು ಅದಕ್ಕೆ ವಹಿಸಿದ ಕೆಲಸ. ಅದು ತಂತಿಯ ಕಾವಲುಗಾರ. ಮನುಷ್ಯನನ್ನು ಕಾಯಲು ಬೇರೆ ಕಾವಲುಗಾರ ಬೇಕು, ಅವನು ಲೆಕ್ಕ ನೋಡುವ ರೀತಿಯೇ ಬೇರೆಯಾಗಿರಬೇಕು.

3. ಹಟ್ಟಿಯ ಬಾಗಿಲಲ್ಲಿ ಎಣಿಕೆ

ಕುರಿಗಾಹಿ ಬೆಳಿಗ್ಗೆ ಹಟ್ಟಿಯ ಬಾಗಿಲಲ್ಲಿ ನಿಂತು ಕುರಿಗಳನ್ನು ಎಣಿಸಿ ಹೊರಗೆ ಬಿಡುತ್ತಾನೆ, ಸಂಜೆ ಎಣಿಸಿ ಒಳಗೆ ಕೂಡುತ್ತಾನೆ. ಹಿಂಡು ನೂರರದ್ದೋ ಐನೂರರದ್ದೋ ಎಂಬ ಚಿಂತೆ ಅವನಿಗಿಲ್ಲ. ಹೋದಷ್ಟೂ ಬಂದವೇ ಎಂಬುದೊಂದೇ ಪ್ರಶ್ನೆ. ಒಂದು ಕಡಿಮೆಯಾದರೂ ಗುಡ್ಡದಲ್ಲಿ ಏನೋ ಆಗಿದೆ ಎಂದು ಅವನಿಗೆ ತಿಳಿಯುತ್ತದೆ. ಆರ್‌ಸಿಸಿಬಿ ಮಾಡುವುದು ಈ ಎಣಿಕೆಯನ್ನೇ. ಕುರಿಗಾಹಿ ದಿನಕ್ಕೆರಡು ಸಲ ಎಣಿಸುತ್ತಾನೆ, ಇದು ಕ್ಷಣವೂ ಬಿಡದೆ ಎಣಿಸುತ್ತಿರುತ್ತದೆ.

ಮನೆಗೆ ಬರುವ ತಂತಿ ಎರಡು, ಫೇಸು ಮತ್ತು ನ್ಯೂಟ್ರಲ್. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ಮರಳಬೇಕು. ಒಂದು ಕೂಡುಗಂಟಿಗೆ ಬಂದ ಪ್ರವಾಹವೂ ಅಲ್ಲಿಂದ ಹೋದ ಪ್ರವಾಹವೂ ಸಮ ಎಂದು ಗುಸ್ತಾವ್ ಕಿರ್ಚಾಫ್ 1845ರಲ್ಲಿ ಹೇಳಿದ. ಆಗ ಅವನಿನ್ನೂ ಇಪ್ಪತ್ತೊಂದರ ವಿದ್ಯಾರ್ಥಿ, ಹಿಂದಿನ ಸಾಲುಗಳಲ್ಲಿ ಕೂತಿರುವ ವಿದ್ಯಾರ್ಥಿಗಳೇ, ನಿಮ್ಮ ವಯಸ್ಸಿನವನು. ಈ ಡಬ್ಬಿಯ ಹಿಂದಿರುವ ಶಾಸ್ತ್ರ ಅದೇ.

ಡಬ್ಬಿಯೊಳಗೆ ಬಳೆಯಂಥ ಒಂದು ಕಾಂತೀಯ ಉಂಗುರವಿದೆ. ಫೇಸು, ನ್ಯೂಟ್ರಲ್ ಎರಡೂ ಅದರ ನಡುವಿನಿಂದ ಹಾಯುತ್ತವೆ. ಫೇಸಿನ ಕರೆಂಟು ಉಂಗುರದಲ್ಲಿ ಒಂದು ದಿಕ್ಕಿಗೆ ಕಾಂತತ್ವ ಎಬ್ಬಿಸಿದರೆ, ಮರಳುವ ಕರೆಂಟು ಅಷ್ಟನ್ನೇ ಎದುರು ದಿಕ್ಕಿಗೆ ಎಬ್ಬಿಸುತ್ತದೆ. ಎರಡೂ ಸಮವಾಗಿದ್ದರೆ ಉಂಗುರಕ್ಕೆ ಏನೂ ಗೊತ್ತಾಗುವುದಿಲ್ಲ. ಗೀಸರಿನ 9 ಆಂಪಿಯರ್ ಹೋಗಿ 9 ಮರಳಿದರೆ ಶೇಷ ಸೊನ್ನೆ. 9.23 ಹೋಗಿ 9 ಮಾತ್ರ ಮರಳಿದರೆ ಶೇಷ 0.23. ಆ 0.23 ನ್ಯೂಟ್ರಲ್ ತಂತಿಯಲ್ಲಿ ಬರಲಿಲ್ಲ, ಯಾರದೋ ಮೈಯಿಂದ ಇಳಿದು, ಮಣ್ಣಿನಲ್ಲಿ ನಡೆದು, ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹೋಯಿತು. ಆ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅನ್ನು ಅದರ ಬುಡದಲ್ಲೇ ಭೂಮಿಗೆ ಕಟ್ಟಿರುತ್ತಾರೆ. ನೆಲದ ಮೇಲೆ ನಿಂತವನಿಗೆ ಒಂದೇ ತಂತಿ ಮುಟ್ಟಿದರೂ ಶಾಕ್ ಹೊಡೆಯುವುದು, ತಂತಿಯ ಮೇಲೆ ಕೂತ ಕಾಗೆಗೆ ಹೊಡೆಯದಿರುವುದು ಈ ಕಾರಣಕ್ಕೆ.

ಆ ಶೇಷ ಉಂಗುರದಲ್ಲಿ ಏರಿಳಿಯುವ ಕಾಂತತ್ವವನ್ನು ಹುಟ್ಟಿಸುತ್ತದೆ. ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ಅದರಿಂದ ಒಂದು ಸಣ್ಣ ಕರೆಂಟು ಏಳುತ್ತದೆ. ಸಣ್ಣದು ಎಂದರೆ ಬಹಳ ಸಣ್ಣದು. ಅದು ಇಡೀ ಮನೆಯ ಸ್ವಿಚ್ಚನ್ನು ಹೇಗೆ ಎಳೆದೀತು? ಈ ಡಬ್ಬಿಯಲ್ಲಿ ನನಗೆ ಬಹಳ ಇಷ್ಟವಾದ ಜಾಣ್ಮೆ ಇಲ್ಲಿದೆ. ಸ್ವಿಚ್ಚನ್ನು ಬೀಳಿಸಲು ಬೇಕಾದ ಬಲವನ್ನು ನಾವೇ ಮೊದಲು ತುಂಬಿಟ್ಟಿರುತ್ತೇವೆ. ಹಿಡಿಕೆಯನ್ನು ಮೇಲೆತ್ತುವಾಗ ಒಳಗೆ ಸ್ಪ್ರಿಂಗು ಬಿಗಿಯುತ್ತದೆ, ಒಂದು ಶಾಶ್ವತ ಅಯಸ್ಕಾಂತ ಪುಟ್ಟ ಲೋಹದ ಪಟ್ಟಿಯನ್ನು ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಸುರುಳಿಯಿಂದ ಬಂದ ಕರೆಂಟು ಆ ಅಯಸ್ಕಾಂತದ ಹಿಡಿತವನ್ನು ಒಂದಿಷ್ಟು ಸಡಿಲಿಸಿದರೆ ಸಾಕು, ಉಳಿದದ್ದನ್ನು ಸ್ಪ್ರಿಂಗು ನೋಡಿಕೊಳ್ಳುತ್ತದೆ. ಬಾಗಿಲನ್ನು ಒದ್ದು ತೆಗೆಯಬೇಕಿಲ್ಲ, ಅಗುಳಿ ಜಾರಿಸಿದರಾಯಿತು. ಈ ಬಗೆಯ ಡಬ್ಬಿಗೆ ಕೆಲಸ ಮಾಡಲು ಬೇರೆ ವಿದ್ಯುತ್ತೂ ಬೇಕಿಲ್ಲ, ಸೋರಿಕೆಯ ಶಕ್ತಿಯಿಂದಲೇ ಅದು ಬೀಳುತ್ತದೆ. ಎಲೆಕ್ಟ್ರಾನಿಕ್ ಮಾದರಿಗಳೂ ಇವೆ. ಅವಕ್ಕೆ ಫೇಸು, ನ್ಯೂಟ್ರಲ್ ಎರಡೂ ಸರಿಯಾಗಿರಬೇಕು. ನ್ಯೂಟ್ರಲ್ ಆಗಾಗ ಕಿತ್ತುಹೋಗುವ ನಮ್ಮ ಊರುಗಳಲ್ಲಿ ಕೊಳ್ಳುವಾಗ ಈ ವ್ಯತ್ಯಾಸವನ್ನು ಕೇಳಿ ತಿಳಿಯಬೇಕು.

ಎಷ್ಟು ಶೇಷಕ್ಕೆ, ಎಷ್ಟು ಬೇಗ? ಮನೆಗಳಿಗೆ 30 ಮಿಲಿಆಂಪಿಯರಿನದು. 15ರೊಳಗೆ ಅದು ಬೀಳಬಾರದು, 30ಕ್ಕೆ ಬೀಳಲೇಬೇಕು, 300 ಮಿಲಿಸೆಕೆಂಡಿನೊಳಗೆ. ಸೋರಿಕೆ ಐದು ಪಟ್ಟು, ಎಂದರೆ 150 ಮಿಲಿಆಂಪಿಯರ್ ಆದರೆ 40 ಮಿಲಿಸೆಕೆಂಡಿನೊಳಗೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ, ಒಂದು ಸುತ್ತಿಗೆ 20 ಮಿಲಿಸೆಕೆಂಡು. ಎರಡು ಸುತ್ತು ಮುಗಿಯುವಷ್ಟರಲ್ಲಿ ಮನೆ ಕತ್ತಲಾಗಿರುತ್ತದೆ. ಹೃದಯದ ಒಂದು ಬಡಿತಕ್ಕೆ ಸುಮಾರು 800 ಮಿಲಿಸೆಕೆಂಡು ಬೇಕು. ಬಚ್ಚಲಿನಲ್ಲಿ 230 ಮಿಲಿಆಂಪಿಯರ್ ತಗುಲಿದವರ ಹೃದಯ ಒಂದು ಸಲ ಪೂರ್ತಿ ಬಡಿಯುವ ಮೊದಲೇ ಕರೆಂಟು ಹೋಗಿರುತ್ತದೆ.

ಇಲ್ಲೊಂದು ತಪ್ಪುತಿಳಿವಳಿಕೆ ತಿದ್ದಬೇಕು. ಆರ್‌ಸಿಸಿಬಿ ಇದ್ದರೆ ಶಾಕೇ ಹೊಡೆಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ಹೊಡೆಯುತ್ತದೆ. ಆ ಮೊದಲ ಏಟು 230 ಮಿಲಿಆಂಪಿಯರಿನದೇ ಆಗಿರುತ್ತದೆ. ಏಟಿನ ಬಲವನ್ನು ಈ ಡಬ್ಬಿ ತಗ್ಗಿಸುವುದಿಲ್ಲ, ಏಟು ಬೀಳುವ ಹೊತ್ತನ್ನು ಮೊಟಕು ಮಾಡುತ್ತದೆ. ಬದುಕಿಗೂ ಸಾವಿಗೂ ಇರುವ ಅಂತರ ಆ ಹೊತ್ತಿನಲ್ಲೇ ಇದೆ.

4. ಚಿನ್ನದ ಗಣಿಯಿಂದ ಬಂದ ಕಾವಲು

ನಮ್ಮ ನಾಡಿಗೆ ದೊಡ್ಡ ಪ್ರಮಾಣದ ವಿದ್ಯುತ್ತು ಬಂದದ್ದು ಚಿನ್ನದ ಗಣಿಗಾಗಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪಗಳ ಸರದಿ ಬಂದದ್ದು ಆಮೇಲೆ, 1905ರಲ್ಲಿ. ಮನುಷ್ಯನ ಜೀವ ಕಾಯುವಷ್ಟು ಸೂಕ್ಷ್ಮವಾದ ಸೋರಿಕೆ ಕಾವಲು ಹುಟ್ಟಿದ್ದೂ ಚಿನ್ನದ ಗಣಿಗಳ ನಾಡಿನಲ್ಲೇ, ದಕ್ಷಿಣ ಆಫ್ರಿಕದಲ್ಲಿ.

ಹೋಗುವ ಬರುವ ಕರೆಂಟನ್ನು ತೂಗಿ ನೋಡುವ ಯೋಚನೆ ಅದಕ್ಕಿಂತ ಹಳೆಯದು. ಆದರೆ ಆಗಿನ ಏರ್ಪಾಡುಗಳು ಎಚ್ಚೆತ್ತುಕೊಳ್ಳುತ್ತಿದ್ದದ್ದು ಸುಮಾರು 10 ಆಂಪಿಯರ್ ಸೋರಿದಾಗ. ಯಂತ್ರಕ್ಕೆ ಅದು ಸಾಕು, ಮನುಷ್ಯನಿಗೆ ಯಾವ ಉಪಯೋಗವೂ ಇಲ್ಲ. ಜೊಹಾನ್ಸ್‌ಬರ್ಗ್ ಬಳಿಯ ಕಾರ್ಖಾನೆಯೊಂದರಲ್ಲಿದ್ದ ಇಂಜಿನಿಯರ್ ಹೆನ್ರಿ ರೂಬಿನ್ 1955ರಲ್ಲಿ ಗಣಿಗಳಿಗಾಗಿ 250 ಮಿಲಿಆಂಪಿಯರಿಗೆ ಬೀಳುವ ಸಾಧನ ಮಾಡಿದರು. ಮರುವರ್ಷ ಕಾಂತೀಯ ವರ್ಧಕದ ತತ್ವವನ್ನು ಹಿಡಿದು ಅದನ್ನು ಇಪ್ಪತ್ತಕ್ಕಿಂತ ಕೆಳಗೆ ಇಳಿಸಿದರು. ಅಷ್ಟರಲ್ಲಿ ಸ್ಟಿಲ್‌ಫಾಂಟೈನ್ ಎಂಬ ಗಣಿ ಊರಿನ ಮನೆಯೊಂದರಲ್ಲಿ ಮಹಿಳೆಯೊಬ್ಬರು ಕರೆಂಟು ತಗುಲಿ ತೀರಿಕೊಂಡರು. ಅದರ ಮೇಲೆ 1957–58ರಲ್ಲಿ ಆ ಊರಿನ ಕೆಲವು ನೂರು ಮನೆಗಳಿಗೆ 20 ಮಿಲಿಆಂಪಿಯರಿನ ಸಾಧನಗಳನ್ನು ಕೂರಿಸಿದರು. ಪಾತಾಳದ ಗಣಿಗಾಗಿ ಹುಟ್ಟಿದ ಕಾವಲು ಹೀಗೆ ಅಡುಗೆಮನೆಗೆ ಬಂತು.

ಅದೇ ಸುಮಾರಿಗೆ ಆಸ್ಟ್ರಿಯದಲ್ಲಿ ಗಾಟ್‌ಫ್ರೀಡ್ ಬೀಗಲ್ಮೈಯರ್ ಇದೇ ಕೆಲಸದಲ್ಲಿ ತೊಡಗಿದ್ದರು. ಮೈಯ ತಡೆಯನ್ನು ಅಳೆಯಲು ಅವರು ತಮ್ಮ ಮೈಗೇ ಕರೆಂಟು ಹಾಯಿಸಿಕೊಂಡರು. ಅಮೆರಿಕದಲ್ಲಿ ಡಾಲ್ಜಿಯಲ್ 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿ ಸಾಧನ ರೂಪಿಸಿದರು, ಅದನ್ನು ಅಲ್ಲಿ ಜಿಎಫ್‌ಸಿಐ ಎನ್ನುತ್ತಾರೆ. ಅದು ಬೀಳುವುದು ಸುಮಾರು 5 ಮಿಲಿಆಂಪಿಯರಿಗೇ. ಅವರದು 5, ನಮ್ಮದು ಮತ್ತು ಯುರೋಪಿನದು 30 ಯಾಕೆ? ಅಮೆರಿಕದವರು ಕೈ ಬಿಡಿಸಿಕೊಳ್ಳುವ ಶಕ್ತಿಯನ್ನು ಅಳತೆಗೋಲು ಮಾಡಿಕೊಂಡರು, ಯುರೋಪಿನವರು ಹೃದಯದ ನಡುಕವನ್ನು. ಅಲ್ಲಿ ಒಂದೊಂದು ಸಾಕೆಟ್ಟಿಗೆ ಒಂದೊಂದು ಸಾಧನ ಇರುತ್ತದೆ, ಇಲ್ಲಿ ಇಡೀ ಮನೆಗೆ ಒಂದು. ಇಡೀ ಮನೆಯ ಸಹಜ ಸೋರಿಕೆಗಳೆಲ್ಲ ಕೂಡಿದರೆ 5ರ ಸಾಧನ ದಿನಬೆಳಗಾದರೆ ಬೀಳುತ್ತಿರುತ್ತದೆ. ಹಾಗೆಂದು 30 ಎನ್ನುವುದು ನೋವಿಲ್ಲದ ಅಂಕಿ ಎಂದು ತಿಳಿಯಬಾರದು. ಡಾಲ್ಜಿಯಲ್ ಅಳತೆಯ ಪ್ರಕಾರ ಕೈ ಅಂಟಿಕೊಳ್ಳುವುದು ಅದಕ್ಕಿಂತ ಕೆಳಗೇ ಇದೆ.

5. ಅರ್ಥ್ ಮತ್ತು ಅನರ್ಥ

‘ಆರ್‌ಸಿಸಿಬಿ ಹಾಕಿದ ಮೇಲೆ ಅರ್ಥಿಂಗ್ ಯಾಕೆ?’ ‘ಒಳ್ಳೆ ಅರ್ಥಿಂಗ್ ಇದ್ದ ಮೇಲೆ ಆರ್‌ಸಿಸಿಬಿ ಯಾಕೆ?’ ಎರಡು ಪ್ರಶ್ನೆಯನ್ನೂ ಕೇಳುತ್ತಾರೆ. ಎರಡಕ್ಕೂ ಒಂದೇ ಲೆಕ್ಕ ಉತ್ತರ ಹೇಳುತ್ತದೆ.

ಮನೆಯ ಹಿಂದೆ ಗುಂಡಿ ತೋಡಿ, ಪೈಪು ನೆಟ್ಟು, ಉಪ್ಪು ಇದ್ದಿಲು ತುಂಬುತ್ತೇವೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯಬೇಕೆಂಬುದನ್ನು ಮರೆಯುತ್ತೇವೆ. ಒಣಗಿದ ಮಣ್ಣು, ಕರಾವಳಿಯ ಜಂಬಿಟ್ಟಿಗೆ ಗುಡ್ಡ, ಬಯಲುಸೀಮೆಯ ಬಂಡೆ ನೆಲ ಇವೆಲ್ಲ ಕರೆಂಟಿಗೆ ಸುಲಭದ ದಾರಿಗಳಲ್ಲ. ಗುಂಡಿಯ ತಡೆ 20 ಓಮ್ ಎಂದುಕೊಳ್ಳೋಣ. ಗೀಸರಿನ ಫೇಸು ಅದರ ಲೋಹದ ಮೈಗೆ ನೇರವಾಗಿ ತಗುಲಿದರೂ ಹರಿಯುವುದು 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. ಹದಿನಾರರ ಎಂಸಿಬಿ ಆಗಲೂ ಬೀಳುವುದಿಲ್ಲ. ಗೀಸರಿನ ಮೈ ಜೀವಂತವಾಗಿಯೇ ಉಳಿಯುತ್ತದೆ. ನಮ್ಮ ಬಹುಪಾಲು ಮನೆಗಳಲ್ಲಿ ಬರಿಯ ಅರ್ಥ್ ಗುಂಡಿ ಜೀವ ಕಾಯದು ಎಂಬುದಕ್ಕೆ ಇದು ಕಾರಣ.

ಅಲ್ಲೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಲೋಹದ ಮೈಯ ವೋಲ್ಟೇಜು 50 ದಾಟುವ ಮೊದಲು ಅದು ಬೀಳಬೇಕಾದರೆ ಗುಂಡಿಯ ತಡೆ ಎಷ್ಟಿರಬಹುದು? 50 ಭಾಗಿಸು 0.03, ಸುಮಾರು 1,667 ಓಮ್. ಇಪ್ಪತ್ತು ಓಮಿಗೆ ಸೋತ ಎಂಸಿಬಿಯ ಜಾಗದಲ್ಲಿ ಇದು ಸಾವಿರದಾರುನೂರು ಓಮಿಗೂ ಸೋಲುವುದಿಲ್ಲ. ಇದು ಲೆಕ್ಕದ ಮಾತು. ಗುಂಡಿ ಹಾಳಾಗಲಿ ಬಿಡಿ ಎನ್ನಲು ಇದು ಪರವಾನಗಿಯಲ್ಲ, ಅರ್ಥಿಂಗಿನ ತಡೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇನ್ನು ಅರ್ಥ್ ತಂತಿ ಇಲ್ಲದೆ ಆರ್‌ಸಿಸಿಬಿ ಮಾತ್ರ ಇದ್ದರೆ? ಆಗಲೂ ಅದು ಕೆಲಸ ಮಾಡುತ್ತದೆ. ಆದರೆ ಸೋರಿಕೆಗೆ ಭೂಮಿಯ ದಾರಿ ಸಿಗುವುದು ಮನುಷ್ಯ ಮುಟ್ಟಿದಾಗ. ಅರ್ಥ್ ಇದ್ದರೆ ಕೆಟ್ಟ ಗೀಸರ್ ಸ್ವಿಚ್ ಹಾಕಿದ ಕೂಡಲೇ ಸಿಕ್ಕಿಬೀಳುತ್ತದೆ, ಯಾರೂ ಮುಟ್ಟಬೇಕಿಲ್ಲ. ಅರ್ಥ್ ಇಲ್ಲದಿದ್ದರೆ ಸೋರಿಕೆಯನ್ನು ಪತ್ತೆ ಹಚ್ಚಲು ನಮ್ಮ ಮೈಯನ್ನೇ ಒಡ್ಡಬೇಕು. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಮುರಿದು ಎರಡು ಕಾಲಿನ ಸಾಕೆಟ್ಟಿಗೆ ತೂರಿಸುವವರಿಗೆ ನಾನು ಹೇಳುವುದು ಇಷ್ಟೇ: ಅರ್ಥ್ ಹೋದರೆ ಉಳಿಯುವುದು ಅನರ್ಥ.

6. ಅದು ಕಾಯದ ಜಾಗಗಳು

ಯಾವ ಕಾವಲುಗಾರನನ್ನೂ ಅತಿಯಾಗಿ ಹೊಗಳಬಾರದು. ಈ ಡಬ್ಬಿ ಕಾಯದ ಜಾಗಗಳನ್ನು ಹೇಳದಿದ್ದರೆ ನನ್ನ ಮಾತು ಅರ್ಧ ಸತ್ಯವಾಗುತ್ತದೆ.

ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ಒಣ ಮಣೆಯ ಮೇಲೆ ನಿಂತವನನ್ನು ಅದು ಉಳಿಸಲಾರದು. ಹೋದಷ್ಟೂ ಮರಳುತ್ತಿದೆಯಲ್ಲ! ಎಣಿಕೆಯ ಕಣ್ಣಿಗೆ ಅವನೂ ಒಂದು ಬಲ್ಬು. ನಮ್ಮಮ್ಮನ ಮಣೆ ಇಲ್ಲಿ ಜೀವ ಕಾಯುವುದಿಲ್ಲ ಎಂಬುದು ಗಮನಿಸತಕ್ಕ ಮಾತು. ಎರಡನೆಯದಾಗಿ, ಡಬ್ಬಿಯ ಹಿಂದೆ, ಎಂದರೆ ಮೀಟರಿನ ಕಡೆ, ಏನಾದರೂ ಅದಕ್ಕೆ ಸಂಬಂಧವಿಲ್ಲ. ಗದ್ದೆಯಲ್ಲಿ ಹರಿದು ಬಿದ್ದ ಲೈನು ಮುಟ್ಟಿದವರನ್ನು ಮನೆಯ ಆರ್‌ಸಿಸಿಬಿ ಕಾಯುವುದಿಲ್ಲ. ಮೂರನೆಯದಾಗಿ, ಲೋಡು ಹೆಚ್ಚಾಗಿ ತಂತಿ ಕಾದರೆ ಅದು ನೋಡುವುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಎರಡು ಕೆಲಸವನ್ನೂ ಒಂದರಲ್ಲೇ ಸೇರಿಸಿದ ಆರ್‌ಸಿಬಿಒ ಎಂಬುದೂ ಸಿಗುತ್ತದೆ.

ನಾಲ್ಕನೆಯದು ಈ ಕಾಲದ್ದು. ಹಳೆಯ ಎಸಿ ಮಾದರಿಯ ಸಾಧನ ಶುದ್ಧ ಪರ್ಯಾಯ ಕರೆಂಟಿನ ಸೋರಿಕೆಯನ್ನು ಮಾತ್ರ ಬಲ್ಲದು. ಈಗಿನ ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ, ಕಂಪ್ಯೂಟರುಗಳಲ್ಲಿ ಎಲೆಕ್ಟ್ರಾನಿಕ್ಸ್ ತುಂಬಿದೆ, ಅವುಗಳ ಸೋರಿಕೆ ಒಂದೇ ದಿಕ್ಕಿಗೆ ಮಿಡಿಯುವಂಥದ್ದೂ ಆಗಿರಬಹುದು. ಅದನ್ನು ಹಿಡಿಯಲು ‘ಎ’ ಮಾದರಿ ಬೇಕು. ವಿದ್ಯುತ್ ಕಾರು ಚಾರ್ಜ್ ಮಾಡುವ ಕಡೆ ನೇರ ಕರೆಂಟು ಸೋರಿದರೆ ಅದು ಉಂಗುರವನ್ನೇ ಮಂಕಾಗಿಸುತ್ತದೆ, ಅಲ್ಲಿಗೆ ಬೇರೆಯದೇ ಏರ್ಪಾಡು ಬೇಕು. ಐದನೆಯದು ಇನ್ವರ್ಟರ್. ಅದರ ಲೈನನ್ನು ಆರ್‌ಸಿಸಿಬಿಗೆ ಸೇರಿಸದೆ ಪಕ್ಕದಿಂದ ಎಳೆದಿದ್ದರೆ, ಕರೆಂಟು ಹೋದ ಕತ್ತಲಲ್ಲಿ, ನಾವು ತಡವರಿಸುವ ಹೊತ್ತಿನಲ್ಲೇ ಮನೆಗೆ ಕಾವಲಿರುವುದಿಲ್ಲ.

7. ಟ್ರಿಪ್ ಆಗುವುದು ಒಂದು ಮಾತು

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಸಾಧನ ನಮ್ಮಲ್ಲಿ ಸೋಲುವುದು ತಾಂತ್ರಿಕ ಕಾರಣಕ್ಕಿಂತ ಹೆಚ್ಚಾಗಿ ನಮ್ಮ ಬೇಸರದಿಂದ.

ನನ್ನ ಪರಿಚಯದ ಮನೆಯೊಂದರಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಆರ್‌ಸಿಸಿಬಿ ಬೀಳುತ್ತಿತ್ತು. ಮನೆಯವರಿಗೆ ಸಿಟ್ಟು, ಟಿವಿ ನಿಂತುಹೋಗುತ್ತದೆ. ಕರೆದ ವೈರ್‌ಮನ್ ಹತ್ತು ನಿಮಿಷದಲ್ಲಿ ‘ಸರಿ’ ಮಾಡಿಹೋದ. ಡಬ್ಬಿಯನ್ನು ತಪ್ಪಿಸಿ ಪಕ್ಕದಿಂದ ತಂತಿ ಕೊಟ್ಟಿದ್ದ. ನಾನು ಹೋದಾಗ ಡಬ್ಬಿ ಬೋರ್ಡಿನಲ್ಲೇ ಇತ್ತು, ಹಿಡಿಕೆ ಮೇಲೇ ಇತ್ತು, ಒಳಗೆ ಯಾವ ಕರೆಂಟೂ ಇರಲಿಲ್ಲ. ಸತ್ತ ನಾಯಿಯನ್ನು ಬಾಗಿಲಿಗೆ ಕಟ್ಟಿಕೊಂಡ ಹಾಗೆ. ಹುಡುಕಿದರೆ ಗೇಟಿನ ಕಂಬದ ದೀಪದೊಳಗೆ ನೀರು ನಿಂತಿತ್ತು, ಕಬ್ಬಿಣದ ಗೇಟು ಆ ಕಂಬಕ್ಕೇ ಕೂತಿತ್ತು. ಪ್ರತಿ ರಾತ್ರಿ ಡಬ್ಬಿ ಹೇಳುತ್ತಿದ್ದದ್ದು ಅದನ್ನೇ. ಕೇಳಿಸಿಕೊಳ್ಳುವ ಬದಲು ಅದರ ಬಾಯಿ ಕಟ್ಟಿದ್ದರು.

ಆರ್‌ಸಿಸಿಬಿ ಸುಮ್ಮನೆ ಬೀಳುವುದು ಕಡಿಮೆ. ಬಿದ್ದರೆ ಕೆಲವೇ ಕಾರಣಗಳು: ಗೀಸರಿನ ಕಾಯಿಲ್ ಕೆಟ್ಟಿದೆ, ಪಂಪಿನ ಕೇಬಲ್ಲಿಗೆ ನೀರು ಹೋಗಿದೆ, ಹೊರಗಿನ ಸ್ವಿಚ್ ಪೆಟ್ಟಿಗೆಯಲ್ಲಿ ಇರುವೆ ಗೂಡು ಕಟ್ಟಿದೆ, ಅಥವಾ ವೈರಿಂಗ್ ಮಾಡಿದವನು ಎರಡು ಸರ್ಕ್ಯೂಟುಗಳ ನ್ಯೂಟ್ರಲ್ ಬೆರೆಸಿದ್ದಾನೆ. ಹುಡುಕುವ ಕ್ರಮ ಕಷ್ಟವಲ್ಲ. ಎಲ್ಲ ಎಂಸಿಬಿ ಇಳಿಸಿ, ಪ್ಲಗ್ಗುಗಳನ್ನೂ ಕಿತ್ತುಬಿಡಿ, ಏಕೆಂದರೆ ನ್ಯೂಟ್ರಲ್ ಕಡೆಯ ಸೋರಿಕೆ ಎಂಸಿಬಿ ಇಳಿಸಿದರೂ ಹೋಗುವುದಿಲ್ಲ. ಆಮೇಲೆ ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ, ಒಂದೊಂದೇ ಪ್ಲಗ್ಗು ಸೇರಿಸುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಕಳ್ಳ ಅಲ್ಲೇ ಇದ್ದಾನೆ. ರಿಪೇರಿ ಮಾತ್ರ ಬಲ್ಲವರಿಂದ ಆಗಲಿ.

ನಿಯಮಕ್ಕೇನೂ ಕೊರತೆಯಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯಲ್ಲಿ ಭೂಸೋರಿಕೆ ರಕ್ಷಣಾ ಸಾಧನಕ್ಕೆಂದೇ ಪ್ರತ್ಯೇಕ ನಿಯಮವಿದೆ. ಸಾಧನ ಹೇಗಿರಬೇಕೆಂದು ಐಎಸ್ 12640 ಎಂಬ ಭಾರತೀಯ ಮಾನಕ ಹೇಳುತ್ತದೆ, ಅರ್ಥಿಂಗ್ ಹೇಗಿರಬೇಕೆಂದು ಐಎಸ್ 3043. ಇಷ್ಟಿದ್ದೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2021ರಲ್ಲಿ ಈ ದೇಶದಲ್ಲಿ ವಿದ್ಯುದಾಘಾತದಿಂದ ಸತ್ತವರು 12,000ಕ್ಕೂ ಹೆಚ್ಚು. ಹೊಲದಲ್ಲಿ, ಕಂಬದ ಮೇಲೆ, ಬೀದಿಯಲ್ಲಿ ಸತ್ತವರೂ ಅದರಲ್ಲಿದ್ದಾರೆ, ಅವರೆಲ್ಲರನ್ನೂ ಈ ಡಬ್ಬಿ ಉಳಿಸುತ್ತಿತ್ತೆಂದು ನಾನು ಹೇಳುವುದಿಲ್ಲ. ಬಚ್ಚಲಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಸತ್ತವರ ಮಟ್ಟಿಗೆ ಮಾತ್ರ ಆ ಮಾತನ್ನು ಧೈರ್ಯವಾಗಿ ಆಡಬಲ್ಲೆ.

ಈಗ ನಾನು ಹೇಳುತ್ತೇನೆಂದಿದ್ದ ಕೆಲಸ. ಡಬ್ಬಿಯ ಮುಖದ ಮೇಲೆ ‘ಟಿ’ ಎಂದು ಬರೆದ ಗುಂಡಿ ಇದೆಯಲ್ಲ, ಅದನ್ನು ಒತ್ತಿದಾಗ ಒಂದಿಷ್ಟು ಕರೆಂಟು ಉಂಗುರವನ್ನು ತಪ್ಪಿಸಿ ಹೊರಗಿನಿಂದ ಸುತ್ತಿ ಬರುತ್ತದೆ. ಲೆಕ್ಕದಲ್ಲಿ ಬೇಕೆಂದೇ ಮಾಡಿದ ತಪ್ಪು ಅದು. ಡಬ್ಬಿ ಸರಿಯಿದ್ದರೆ ಆ ಕ್ಷಣವೇ ಬೀಳಬೇಕು. ಬಹಳ ವರ್ಷ ಅಲುಗಾಡದೆ ಕೂತ ಸಾಧನದ ಒಳಗಿನ ಭಾಗಗಳು ಅಂಟಿಕೊಳ್ಳುವುದುಂಟು, ಆಗಾಗ ಒತ್ತುವುದು ಅದಕ್ಕೂ ಒಳ್ಳೆಯದು. ಗುಂಡಿ ಪರೀಕ್ಷಿಸುವುದು ಡಬ್ಬಿಯನ್ನು ಮಾತ್ರ, ಅರ್ಥಿಂಗನ್ನಲ್ಲ ಎಂಬುದೂ ನೆನಪಿರಲಿ.

ಈ ರಾತ್ರಿ ಮನೆಗೆ ಹೋದವರು ಬೋರ್ಡಿನ ಮುಚ್ಚಳ ತೆಗೆದು ಮೊದಲು ಆ ಗುಂಡಿ ಇದೆಯೇ ನೋಡಿ. ಇದ್ದರೆ, ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತವರಿಗೆ ಒಂದು ಮಾತು ಹೇಳಿ, ಒತ್ತಿ. ಕತ್ತಲಾದರೆ ಕಾವಲುಗಾರ ಎಚ್ಚರವಿದ್ದಾನೆ, ಹಿಡಿಕೆ ಮೇಲೆತ್ತಿ ಊಟಕ್ಕೆ ಕೂರಿ. ಒತ್ತಿದರೂ ದೀಪ ಉರಿಯುತ್ತಲೇ ಇದ್ದರೆ ಬೆಳಿಗ್ಗೆ ಬಲ್ಲ ವೈರ್‌ಮನ್ ಒಬ್ಬರನ್ನು ಕರೆಯಿರಿ. ಅವರು ‘ಏನಾಗಲ್ಲ’ ಎಂದರೆ ಇನ್ನೊಬ್ಬರನ್ನು ಕರೆಯಿರಿ.